ಎಡಕ್ಕೆ ಕಿಟಕಿ, ಬಲಕ್ಕೆ ಬಚ್ಚಲು

ಹಲ್ಲುಜ್ಜುವುದಕ್ಕೂ ಪೂರ್ವಸಿದ್ಧತೆ ಬೇಕು ಎನ್ನುವ ಜಾತಿಯವನು ನಾನು. ಮದುವೆಯ ಊಟಕ್ಕೆ ಹೋದರೆ, ಎಲೆಯ ಮುಂದೆ ಕೂರುವ ಮೊದಲೇ ಕೈ ತೊಳೆಯುವ ನಲ್ಲಿ ಎಲ್ಲಿದೆ, ಹೊರಗೆ ಹೋಗುವ ಬಾಗಿಲು ಯಾವುದು, ಚಪ್ಪಲಿಯನ್ನು ಯಾವ ಕಂಬದ ಪಕ್ಕ ಬಿಟ್ಟಿದ್ದೇನೆ ಎಂದೆಲ್ಲ ನೋಡಿಟ್ಟುಕೊಳ್ಳುತ್ತೇನೆ. ಇಷ್ಟು ಮಾಡಿಯೂ ಒಮ್ಮೆ ಬೇರೆ ಯಾರದೋ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದದ್ದುಂಟು. ಅದು ಯೋಜನೆಯ ದೋಷವಲ್ಲ, ಚಪ್ಪಲಿಗಳೆಲ್ಲ ಒಂದೇ ಥರ ಇರುವುದರ ದೋಷ ಎಂದು ನಾನು ಹೆಂಡತಿಗೆ ವಿವರಿಸಿದೆ. ಅವಳು, "ಹಾಗಿದ್ರೆ ಪುಣ್ಯ, ಹೆಂಡತಿ ವಿಷಯದಲ್ಲಿ ಹಾಗಾಗಲಿಲ್ವಲ್ಲ" ಎಂದಳು. ಇಂಥ ನನಗೆ ಮನೆಯನ್ನೇ ಎತ್ತಿ ಇನ್ನೊಂದು ಊರಿನಲ್ಲಿಡುವ ಅವಕಾಶ ಬಂದರೆ ಹೇಗಿರಬೇಡ!

ನನ್ನ ಹೆಂಡತಿ ಸುಮಾ ನ್ಯಾಯಾಲಯದ ಕಚೇರಿಯಲ್ಲಿ ಕೆಲಸ ಮಾಡುವವಳು. ಬಹುಕಾಲದಿಂದ ಕಾದಿದ್ದ ಬಡ್ತಿ ಬಂತು. ಜೊತೆಗೆ ಹುನಗುಂದಕ್ಕೆ ವರ್ಗವೂ ಬಂತು. ನಾನು ಪಠ್ಯಪುಸ್ತಕಗಳ ಕರಡು ತಿದ್ದುವವನು. ಕಾಗುಣಿತದ ತಪ್ಪುಗಳಿಗೆ ಊರಿನ ಭೇದವಿಲ್ಲವಾದ್ದರಿಂದ ಬೆಂಗಳೂರಾದರೂ ಸರಿ, ಹುನಗುಂದವಾದರೂ ಸರಿ. ತೊಡಕಿದ್ದದ್ದು ಮಾವನದು. ಸುಮಾಳ ಅಪ್ಪ, ನಿವೃತ್ತ ಡ್ರಿಲ್ ಮೇಷ್ಟ್ರು. ಅತ್ತೆ ಹೋದ ಮೇಲೆ ನಮ್ಮ ಜೊತೆಗೇ ಇದ್ದಾರೆ. ಮೈಯಲ್ಲಿ ಕಸುವು ಹಾಗೇ ಇದೆ, ನಡೆದರೆ ನಾನು ಓಡಬೇಕು. ಆದರೆ ಈಚೆಗೆ ಮರೆವು ಶುರುವಾಗಿತ್ತು. ಮೊದಲು ಕನ್ನಡಕ, ಆಮೇಲೆ ವಾರದ ದಿನಗಳು, ಆಮೇಲೆ ಮನುಷ್ಯರ ಹೆಸರುಗಳು ಒಂದೊಂದಾಗಿ ಅವರ ಕೈತಪ್ಪಿ ಹೋಗತೊಡಗಿದವು. ಉಳಿದದ್ದು ಶಿಸ್ತು ಮಾತ್ರ. ಒಂದು ದಿನ ನಮ್ಮ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಬಂದು, "ಅಂಕಲ್‌ನ ಸ್ವಲ್ಪ ನೋಡ್ಕೊಳ್ಳಿ ಸಾರ್. ಲಿಫ್ಟ್ ಹತ್ರ ಎಲ್ಲರನ್ನೂ ಎತ್ತರದ ಪ್ರಕಾರ ನಿಲ್ಲಿಸ್ತಿದ್ದಾರೆ. ನನ್ನನ್ನ ಎಲ್ಲರಿಗಿಂತ ಮುಂದೆ ನಿಲ್ಲಿಸಿದ್ರು" ಎಂದು ನೊಂದುಕೊಂಡರು. ಕುಳ್ಳಗಿರುವುದು ಅವರ ತಪ್ಪಲ್ಲ. ಆದರೆ ಅಂದಿನಿಂದ ನಾವು ಮನೆಯ ಬಾಗಿಲಿಗೆ ಒಳಗಿನಿಂದ ಬೀಗ ಹಾಕತೊಡಗಿದೆವು. ಮಾವ ದಿನಕ್ಕೆ ಎಷ್ಟೋ ಸಲ ಬಾಗಿಲ ತನಕ ಬಂದು, ಚಿಲಕ ಮುಟ್ಟಿ ನೋಡಿ, ಏನೂ ಕೇಳದೆ ವಾಪಸು ಹೋಗುತ್ತಿದ್ದರು. ಅದನ್ನು ನೋಡುವುದಕ್ಕಿಂತ ಕಾರ್ಯದರ್ಶಿಯ ಗೋಳೇ ವಾಸಿಯಾಗಿತ್ತು.

ಡಾಕ್ಟರು, "ಹೊಸ ಜಾಗ ಅಂದರೆ ಗಾಬರಿಯಾಗಬಹುದು. ಅವರ ಕೋಣೆಯಾದರೂ ಆದಷ್ಟು ಹಿಂದಿನ ಹಾಗೇ ಇರಲಿ" ಎಂದಿದ್ದರು. ನನಗೆ ಅಷ್ಟು ಸಾಕಾಯಿತು. ಮಾವನ ಕೋಣೆಯನ್ನು ನಾಲ್ಕು ದಿಕ್ಕಿನಿಂದಲೂ ಫೋಟೋ ತೆಗೆದೆ. ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಕುರ್ಚಿಗೆ, ಕುರ್ಚಿಯಿಂದ ಕ್ಯಾಲೆಂಡರಿನ ಮೊಳೆಗೆ ಟೇಪು ಹಿಡಿದು ಅಳತೆ ಮಾಡಿದೆ. ಮಲಗಿದವರ ಎಡಕ್ಕೆ ಕಿಟಕಿ, ಬಲಕ್ಕೆ ಬಚ್ಚಲು ಇರುವ ಮನೆಯೇ ಬೇಕೆಂದು ಹೊರಟೆ. ಹುನಗುಂದದಲ್ಲಿ ನೋಡಿದ ಮನೆಗಳಲ್ಲಿ ಎಡಕ್ಕೆ ಬಚ್ಚಲಿತ್ತು, ಇಲ್ಲವೆ ಬಚ್ಚಲು ಅಂಗಳದಾಚೆ ಇತ್ತು. ಒಂದು ಮನೆಯಲ್ಲಿ ಎಲ್ಲ ಸರಿಯಿತ್ತು, ಆದರೆ ಮಂಚದ ಜಾಗದಲ್ಲಿ ಜೋಳದ ಚೀಲಗಳಿದ್ದವು. ಅವು ಮನೆಯ ಯಜಮಾನರವು, ಕದಲುವಂತಿರಲಿಲ್ಲ. "ಸನೇದಾಗ ಇಳಕಲ್ಲ ಐತಿ, ಅಲ್ಲೆ ನೋಡ್ರಿ, ಇಲ್ಲಿಗೆ ದಿನಾ ಬರಾಕ ಬಸ್ಸು ಭಾಳ ಅದಾವ" ಎಂದು ಯಾರೋ ಹೇಳಿದರು. ಹಾಗೆ ಇಳಕಲ್ಲಿನಲ್ಲಿ, ನೇಕಾರರ ಓಣಿಯೊಂದರಲ್ಲಿ, ಶಾಂತವ್ವನವರ ಮನೆಯ ಮುಂದೆ ಬೆವರೊರೆಸಿಕೊಳ್ಳುತ್ತ ನಿಂತೆ. ಪಕ್ಕದಲ್ಲೇ ಅವರ ವಾಸ, ಇದು ಬಾಡಿಗೆಗೆ. ನನ್ನ ಮುಖ ನೋಡಿದ ಕೂಡಲೇ ಅವರು, "ಆಸರಾತೇನ್ರಿ ಅಣ್ಣಾರ?" ಎಂದರು.

ಮನೆ ಸಿಕ್ಕಿತೇ, ಆಸರೆಯಾಯಿತೇ ಎಂದು ಕೇಳುತ್ತಿದ್ದಾರೆಂದು ತಿಳಿದೆ. ಎಂಥ ಅಂತಃಕರಣದ ಜನ! ನನಗೂ ಭಾವ ಉಕ್ಕಿ, "ಇಲ್ಲಮ್ಮ, ಇನ್ನೂ ಆಗಿಲ್ಲ. ನಿಮ್ಮನ್ನೇ ನಂಬಿ ಬಂದಿದ್ದೇನೆ. ನೀವೇ ಕೊಡಬೇಕು" ಎಂದು ಕೈಮುಗಿದೆ. ಅವರು ಗಾಬರಿಯಿಂದ ಒಳಗೆ ಓಡಿ ದೊಡ್ಡ ತಂಬಿಗೆಯ ತುಂಬ ನೀರು ತಂದರು. "ನೀರಿಗೆ ಯಾಕ ಕೈ ಮುಗೀತೀರ್ರಿ! ಕುಡೀರಿ, ಕುಡೀರಿ" ಎಂದರು. ಇಲ್ಲಿ ಆಸರು ಎಂದರೆ ಬಾಯಾರಿಕೆ ಎಂದು ನಾನು ಕಲಿತದ್ದು ಆ ತಂಬಿಗೆ ಬರಿದಾದ ಮೇಲೆ.

ನಾನು ಟೇಪು ಹೊರತೆಗೆದು ಕೋಣೆ ಅಳೆಯುವುದನ್ನು ಶಾಂತವ್ವ ಸುಮ್ಮನೆ ನೋಡಿದರು. ಕಿಟಕಿ ಎಡಕ್ಕೇ ಇತ್ತು, ಬಚ್ಚಲು ಬಲಕ್ಕೇ ಇತ್ತು. ನಾನು ಕುಣಿಯುವುದೊಂದು ಬಾಕಿ. ಅವರು ಕೇಳಿಯೇಬಿಟ್ಟರು: "ಖಿಡಕಿ ಎಡಕ್ಕಿದ್ರ ಏನ್ರಿ, ಬಲಕ್ಕಿದ್ರ ಏನ್ರಿ, ಗಾಳಿ ಬಂದ್ರ ಸಾಕಲ್ಲ?" ಆಗ ಮಾವನ ವಿಷಯ ಹೇಳಿದೆ. ಹೇಳುವಾಗ, ಮರೆವಿನ ಹಿರಿಯರಿರುವ ಸಂಸಾರಕ್ಕೆ ಮನೆ ಕೊಡುತ್ತಾರೋ ಇಲ್ಲವೋ ಎಂದು ನನ್ನ ಗಂಟಲು ಮತ್ತೆ ಒಣಗಿತ್ತು. ಶಾಂತವ್ವ, "ರೊಟ್ಟಿ ತಿಂತಾರೋ ಇಲ್ಲೋ?" ಎಂದರು. ತಿನ್ನುತ್ತಾರೆ ಎಂದೆ. "ಹಂಗಾರ ಕರಕೊಂಡು ಬರ್ರಿ" ಎಂದರು.

ಬೆಂಗಳೂರಿನಲ್ಲಿ ಸಾಮಾನು ಕಟ್ಟುವ ದಿನಗಳು ಬಂದವು. ನಾನು ಕಟ್ಟಿಟ್ಟ ಪೆಟ್ಟಿಗೆಗಳನ್ನು ಮಾವ ಹಿಂದಿನಿಂದ ಬಿಚ್ಚುತ್ತ ಬರುತ್ತಿದ್ದರು. ಸೌಟು, ಚಾದರ, ನನ್ನ ನಿಘಂಟುಗಳು ಎಲ್ಲವೂ ಮತ್ತೆ ಸ್ವಸ್ಥಾನ ಸೇರುತ್ತಿದ್ದವು. ಕೊನೆಗೆ ಅವರಿಗೆ ಹಗ್ಗದ ಉಂಡೆ ಕೊಟ್ಟು, ಗಂಟು ಹಾಕುವ ಕೆಲಸ ಒಪ್ಪಿಸಿದೆವು. ಅವರು ಹಾಕಿದ ಗಂಟುಗಳಲ್ಲಿ ಕೆಲವನ್ನು ನಮಗೆ ಇನ್ನೂ ಬಿಚ್ಚಲಾಗಿಲ್ಲ. ಲಾರಿ ಬಂದು ನಿಂತಾಗ ಮಾವ ನನ್ನ ಪಕ್ಕ ಬಂದು ಮೆಲ್ಲಗೆ, "ಯಾರು ಮನೆ ಖಾಲಿ ಮಾಡ್ತಿದ್ದಾರೆ?" ಎಂದರು.

"ನಾವೇ ಮಾವ."

"ಅಯ್ಯೋ ಪಾಪ," ಎಂದು ಅವರು ಲೊಚಗುಟ್ಟಿದರು. "ಒಳ್ಳೇ ಜನ ಇದ್ದರು."

ಸುಮಾ ಅಡುಗೆಮನೆಗೆ ಹೋಗಿ ಖಾಲಿ ಕಪಾಟುಗಳನ್ನು ಇನ್ನೊಮ್ಮೆ ಒರೆಸಿದಳು. ಅವುಗಳಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ.

ಇಳಕಲ್ಲಿನಲ್ಲಿ ನಾನು ಬೇರೆಲ್ಲ ಸಾಮಾನು ಬಿಟ್ಟು ಮೊದಲು ಮಾವನ ಕೋಣೆ ಸಜ್ಜುಮಾಡಿದೆ. ಫೋಟೋ ನೋಡಿ ಮಂಚ ಹಾಕಿದೆ, ಕುರ್ಚಿಯನ್ನು ಅದೇ ಓರೆಯಲ್ಲಿಟ್ಟೆ, ಅದೇ ಹಸಿರು ಚಾದರ ಹೊದಿಸಿದೆ. ಮಾವನನ್ನು ಕೈಹಿಡಿದು ಕರೆತಂದು ಬಾಗಿಲಲ್ಲಿ ನಿಲ್ಲಿಸಿ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನಂತೆ ಕಾದೆ. ಅವರು ಒಳಗೆ ಇಣುಕಿ ನೋಡಿ, "ಸೆಕೆ" ಎಂದರು. ಕುರ್ಚಿಯನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಹೊರಗೆ ಹೋಗಿ ಮನೆಯ ಮುಂದಿನ ಕಟ್ಟೆಯ ಮೇಲಿಟ್ಟು ಕೂತರು. ಮಲಗುವುದೊಂದನ್ನು ಬಿಟ್ಟು ಮತ್ತೆ ಅವರು ಆ ಕೋಣೆಗೆ ಹೋಗಲೇ ಇಲ್ಲ. ನನ್ನ ಟೇಪನ್ನು ಸುಮಾ ಸದ್ದಿಲ್ಲದೆ ತೆಗೆದು ಒಳಗಿಟ್ಟಳು.

ಇನ್ನು ಬಾಗಿಲು. ಸುಮಾ ಕಚೇರಿಗೆ ಹೋದ ಮೊದಲ ದಿನ ನಾನು ಹಳೆಯ ಅಭ್ಯಾಸದಂತೆ ಒಳಗಿನಿಂದ ಬೀಗ ಹಾಕಿದೆ. ಸ್ವಲ್ಪ ಹೊತ್ತಿಗೇ ಯಾರೋ ಬಡಿದರು. ಎದುರುಮನೆಯವರು: "ಆರಾಮ ಅದೀರಿಲ್ರಿ?" ಆಮೇಲೆ ಪಕ್ಕದವರು, ಆಮೇಲೆ ಹಾಲಿನವರು. ಕೊನೆಗೆ ಶಾಂತವ್ವನೇ ಬಂದು, "ಹಗಲೊತ್ತಿನ್ಯಾಗ ಬಾಗಲಾ ಹಾಕಿದ್ರ ಮನ್ಯಾಗ ಏನೋ ಆಗೇತಿ ಅಂತ ಮಂದಿ ಗಾಬರಿ ಆಗ್ತಾರ್ರಿ. ತಗೀರಿ" ಎಂದರು. ತೆಗೆದೆ. ಮಾವ ಕಟ್ಟೆಯ ಮೇಲೆ ಕೂತು, ಓಣಿಯಲ್ಲಿ ಹೋಗಿಬರುವವರ ನಡಿಗೆಯನ್ನು ತಿದ್ದತೊಡಗಿದರು. "ಬೆನ್ನು ನೆಟ್ಟಗೆ!" ಎಂದರೆ ತಲೆಯ ಮೇಲೆ ಕೊಡ ಹೊತ್ತ ಹೆಂಗಸರೂ ನಗುತ್ತ ನೆಟ್ಟಗಾಗುತ್ತಿದ್ದರು.

ಕೆಲವು ದಿನ ಹೀಗೇ ಸುಖವಾಗಿ ಕಳೆದವು. ಒಂದು ಸಂಜೆ ನಾನು ಭೂಗೋಳದ ಪಾಠವೊಂದರಲ್ಲಿ ನದಿಗಳ ಹೆಸರು ತಿದ್ದುತ್ತಿದ್ದವನು ಹೊರಗೆ ಬಂದು ನೋಡಿದರೆ ಕುರ್ಚಿ ಖಾಲಿ. ಬಚ್ಚಲಲ್ಲಿಲ್ಲ, ಹಿತ್ತಲಲ್ಲಿಲ್ಲ, ಓಣಿಯ ಎರಡು ತುದಿಯಲ್ಲೂ ಇಲ್ಲ. ಶಾಂತವ್ವನ ಬಾಗಿಲಿಗೆ ಓಡಿದೆ. ಖಾಲಿ ಕುರ್ಚಿಯ ಕಡೆ ಕೈ ತೋರಿಸಿದೆ. ಅವರು ಓಣಿಯ ನಡುವೆ ನಿಂತು, "ಹಿರ್ಯಾರು ಕಾಣವಲ್ಲರಂತ, ಹೊರಗ ಬರ್ರೋ!" ಎಂದು ಒಂದೇ ಕೂಗು ಹಾಕಿದರು. ನಾವು ಬಂದಾಗಿನಿಂದ ಆ ಓಣಿಯಲ್ಲಿ ಹಗಲು ಪೂರ್ತಿ ಮಗ್ಗಗಳ ಸದ್ದು. ಮೊದಮೊದಲು ಕರಡು ತಿದ್ದಲು ಅಡ್ಡಿಯಾಗುತ್ತದೆಂದು ನಾನು ಗೊಣಗಿದ್ದೂ ಉಂಟು. ಈಗ ಎದುರುಮನೆಯ ಮಗ್ಗ ನಿಂತಿತು. ಅದರಾಚೆಯದು ನಿಂತಿತು. ಒಂದೊಂದಾಗಿ ಎಲ್ಲ ನಿಂತು ಓಣಿಯೇ ನಿಶ್ಶಬ್ದವಾಯಿತು. ಗಂಡಸರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಒಬ್ಬರು ಸಂತೆಯ ಕಡೆ, ಒಬ್ಬರು ಗುಡಿಯ ಕಡೆ, ಒಬ್ಬರು ಹೆದ್ದಾರಿಯ ಕಡೆ ಹೊರಟರು. ಹೆದ್ದಾರಿ ಎಂದದ್ದೇ ನಾನು ಚಪ್ಪಲಿಯನ್ನೂ ಮೆಟ್ಟದೆ ಅವರ ಹಿಂದೆ ಹೊರಟೆ. ಆಗ ನನ್ನ ಫೋನು ರಿಂಗಾಯಿತು. ಸುಮಾ. ಎತ್ತಲು ಧೈರ್ಯವಿರಲಿಲ್ಲ, ಎತ್ತಿದೆ.

"ಅಪ್ಪ ಇಲ್ಲಿದ್ದಾರೆ, ಬಸ್‌ಸ್ಟ್ಯಾಂಡಲ್ಲಿ," ಎಂದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ. "ಬೇಗ ಬನ್ನಿ. ನೀವೇ ನೋಡಬೇಕು."

ನಾನೂ ಅರ್ಧ ಓಣಿಯೂ ಅಲ್ಲಿಗೆ ಹೋದೆವು. ಹುನಗುಂದದಿಂದ ಬಂದ ಬಸ್ಸಿನ ಬಾಗಿಲಲ್ಲಿ ಮಾವ ಎದೆ ಸೆಟೆಸಿ ನಿಂತಿದ್ದರು. "ಮೊದಲು ಇಳಿಯುವವರು! ಆಮೇಲೆ ಹತ್ತುವವರು!" ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಮಂದಿ ಅಲ್ಲಿ ಸಾಲಾಗಿ ನಿಂತಿದ್ದರು. ಸಾಲು ಎತ್ತರದ ಪ್ರಕಾರವೇ ಇತ್ತು. ಕಂಡಕ್ಟರು ನನ್ನನ್ನು ನೋಡಿ, "ನಿಮ್ಮ ಮನಿಯಾವ್ರೇನ್ರಿ ಈ ಮಾಸ್ತರು? ದಿನಾ ಕಳಸ್ರಿ" ಎಂದರು. ಸುಮಾ ಇಳಿಯುವಾಗ ಮಾವ ಅವಳನ್ನು ಗುರುತಿಸಲಿಲ್ಲವಂತೆ. ಆದರೆ ಕೈ ಕೊಟ್ಟು, "ನಿಧಾನ ಇಳಿಯಮ್ಮ, ಮೆಟ್ಟಿಲು ಎತ್ತರ ಇದೆ" ಎಂದರಂತೆ. ಅವಳು ಆ ಕೈ ಬಿಡದೆ ಮನೆಯ ತನಕ ನಡೆದು ಬಂದಳು. ನಾವು ಓಣಿ ಸೇರುವ ಹೊತ್ತಿಗೆ ಮಗ್ಗಗಳು ಮತ್ತೆ ಶುರುವಾಗಿದ್ದವು.

ಅಂದಿನಿಂದ ಊರಿಗೆಲ್ಲ ಅವರು ಮಾಸ್ತರು. ಎಲ್ಲಿಗೆ ಹೋದರೂ ಯಾರಾದರೂ ಮಾತನಾಡಿಸಿ, ಚಹಾ ಕುಡಿಸಿ ತಂದುಬಿಡುತ್ತಾರೆ. ನನ್ನ ಚಿಂತೆ ಅರ್ಧ ಇಳಿಯಿತು. ಆ ಹುರುಪಿನಲ್ಲೇ ಕಳೆದ ವಾರ ಶೇಂಗಾ ಚಟ್ನಿ ತರಲು ನಾನೊಬ್ಬನೇ ಪೇಟೆಗೆ ಹೋದೆ. ಫೋನು ಮನೆಯಲ್ಲೇ ಚಾರ್ಜಿಗೆ ಹಾಕಿತ್ತು. ಬರುವಾಗ ಹತ್ತಿರದ ದಾರಿ ಇರಬಹುದೆಂದು ಒಂದು ಸಂದಿ ಹೊಕ್ಕೆ. ಅದು ಇನ್ನೊಂದು ಸಂದಿಗೆ, ಅದು ಮತ್ತೊಂದಕ್ಕೆ ಕೊಂಡೊಯ್ದಿತು. ಎಲ್ಲ ಓಣಿಯಲ್ಲೂ ಮಗ್ಗದ ಸದ್ದು, ಎಲ್ಲ ಮನೆಗೂ ಕಟ್ಟೆ. "ಶಾಂತವ್ವನವರ ಮನೆ ಎಲ್ಲಿ?" ಎಂದರೆ "ಯಾವ ಶಾಂತವ್ವ್ರಿ?" ಎನ್ನುತ್ತಾರೆ. ನನ್ನ ಹೆಸರು ಹೇಳಿದೆ, ಉದ್ಯೋಗ ಹೇಳಿದೆ. ಕರಡು ತಿದ್ದುವುದೆಂದರೆ ಏನೆಂದು ವಿವರಿಸಲೂ ತೊಡಗಿದೆ. ಯಾರಿಗೂ ಏನೂ ಹೊಳೆಯಲಿಲ್ಲ. ಕೊನೆಗೆ ಸೋತು, "ನಾನು ಮಾಸ್ತರ ಅಳಿಯ" ಎಂದೆ.

"ಮೊದಲ ಹೇಳಬಾರದೇನ್ರಿ!" ಎಂದು ಒಬ್ಬರು ಬೈಕು ಹೊರತೆಗೆದರು. ಮನೆಯ ಮುಂದೆ ನನ್ನನ್ನು ಇಳಿಸಿ, "ಮಾಸ್ತರ, ನಿಮ್ಮ ಅಳಿಯಾರು ದಾರಿ ತಪ್ಪಿ ತಿರಗಾಕತ್ತಿದ್ರು. ತಂದು ಬಿಟ್ಟೀನ್ರಿ" ಎಂದರು. ಮಾವ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಆ ದಿನ ನನ್ನ ಹೆಸರು ಅವರ ಬಳಿ ಇರಲಿಲ್ಲ. ಪಕ್ಕದ ಜಾಗ ತಟ್ಟಿ, "ಕೂತ್ಕೊಳ್ಳಿ. ಹೊಸ ಊರು, ಮೊದಮೊದಲು ಹಾಗೇ ಆಗುತ್ತೆ" ಎಂದು ಸಮಾಧಾನ ಹೇಳಿದರು.

"ಖರೇ ಐತ್ರಿ," ಎಂದರು ಶಾಂತವ್ವ ತಮ್ಮ ಬಾಗಿಲಿನಿಂದ. "ಹಿರ್ಯಾರನ್ನ ಬಿಟ್ಟು ಒಬ್ರ ಅಡ್ಡ್ಯಾಡಬ್ಯಾಡ್ರಿ ಅಣ್ಣಾರ."

ಈಗ ಪ್ರತಿ ಸಂಜೆ ಇಬ್ಬರೂ ಜೊತೆಗೇ ಹೋಗುತ್ತೇವೆ. ರಸ್ತೆ ದಾಟುವಲ್ಲಿ ಮಾವ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. "ಅಳಿಯಾರ್ನ ಅಡ್ಡ್ಯಾಡಿಸಾಕ ಕರಕೊಂಡು ಹೊಂಟೀರೇನ್ರಿ ಮಾಸ್ತರ?" ಎಂದು ಯಾರಾದರೂ ಕೇಳಿದರೆ, "ಏನ್ಮಾಡೋದಪ್ಪ, ಒಬ್ಬರನ್ನೇ ಬಿಟ್ಟರೆ ಎಲ್ಲೋ ಹೋಗಿಬಿಡ್ತಾರೆ" ಎನ್ನುತ್ತಾರೆ. ನಾನು ಹೌದೆಂದು ತಲೆಯಾಡಿಸಿ, ಅವರ ಹಿಂದೆ ಬೆನ್ನು ನೆಟ್ಟಗೆ ಮಾಡಿಕೊಂಡು ನಡೆಯುತ್ತೇನೆ.