ಕೆಳಗಿನ ಬಲಮೂಲೆಗೆ ಹೋಗುವ ಬಾಣ

ಪರವಾನಗಿ ಇಲಾಖೆಗೆ ನಾನೂರು ಲ್ಯಾಪ್‌ಟಾಪುಗಳನ್ನು ಪೂರೈಸುವ ಕರಾರಿಗೆ ಕಂಪ್ಯೂಟರ್ ಅಂಗಡಿಯ ಯಜಮಾನರು ಸಹಿ ಮಾಡಿದ್ದರು. ಯಂತ್ರಗಳು ಇಲಾಖೆಗೆ ಒಪ್ಪಿಗೆಯಾದರೆ ಪೂರ್ತಿ ಹಣ. ಆಗದಿದ್ದರೆ ನಾನೂರನ್ನೂ ಅವರೇ ತಮ್ಮ ಖರ್ಚಿನಲ್ಲಿ ವಾಪಸು ಹೊತ್ತುಕೊಂಡು ಬರತಕ್ಕದ್ದು. ನಡುವೆ ಇನ್ನೊಂದು ದಾರಿಯನ್ನು ಕರಾರು ಕಾಣಿಸಿರಲಿಲ್ಲ.

ಯಂತ್ರಗಳನ್ನು ಯಜಮಾನರು ಒಬ್ಬ ಸಗಟು ವ್ಯಾಪಾರಿಯಿಂದ ಅರ್ಧ ಬೆಲೆಗೆ ಎತ್ತಿದ್ದರು. ಏನಾದರೂ ಐಬು ಇದೆಯೇ ಎಂದು ಕೇಳಿರಲಿಲ್ಲ. ಕೇಳಿದ್ದರೆ ಆತ ಹೇಳಿಬಿಡುವ ಅಪಾಯವಿತ್ತು. ಹೇಳಿದ ಮೇಲೆ ಗೊತ್ತಿದ್ದೂ ಮಾರಿದ ಹಾಗಾಗುತ್ತಿತ್ತು. ಅಷ್ಟು ಕಾಲ ವ್ಯಾಪಾರ ಮಾಡಿದವರಿಗೆ ಯಾವ ಪ್ರಶ್ನೆಯನ್ನು ಕೇಳಬೇಕು ಎನ್ನುವುದಕ್ಕಿಂತ ಯಾವುದನ್ನು ಕೇಳಬಾರದು ಎನ್ನುವುದು ಚೆನ್ನಾಗಿ ತಿಳಿದಿರುತ್ತದೆ.

ಐಬು ಕಂಡದ್ದು ಸೊಸೆಗೆ. ಅಂಗಡಿಯ ಹಿಂದಿನ ರಿಪೇರಿ ಕೋಣೆ ಅವಳದು. ಒಂದು ಬೆಳಗ್ಗೆ ಅವಳು ಮಾವನನ್ನು ಒಳಗೆ ಕರೆದಳು.

"ಮಾವ, ಈ ಟಚ್‌ಪ್ಯಾಡ್ ನೋಡಿ. ಬೆರಳಿಟ್ರೆ ಚಿನ್ನದಂಥದ್ದು. ಈಗ ಕೈ ತೆಗೀತೀನಿ."

ಕೈ ತೆಗೆದಳು. ಪರದೆಯ ಮೇಲಿನ ಬಾಣ ಒಂದು ಗಳಿಗೆ ಯೋಚಿಸುತ್ತಿರುವಂತೆ ನಿಂತಿತು. ಆಮೇಲೆ, ಊಟದ ಹೊತ್ತಿಗೆ ಮನೆಗೆ ಹೊರಟವನ ಹಾಗೆ ಅತ್ತಿತ್ತ ನೋಡದೆ ನಡೆದು, ಕೆಳಗಿನ ಬಲಮೂಲೆ ಸೇರಿ, ಅಲ್ಲಿ ತಾನೇ ಒಮ್ಮೆ ಒತ್ತಿಕೊಂಡಿತು.

"ಅಲ್ಲೇನಿದೆ?"

"ಏನೂ ಇಲ್ಲ. ಅದಕ್ಕೆ ಅಲ್ಲಿಗೆ ಹೋಗೋದಂದ್ರೆ ಇಷ್ಟ."

"ಎಲ್ಲವೂ ಹೀಗೇನಾ?"

"ನೋಡಿದ್ದೆಲ್ಲ ಅಲ್ಲಿಗೇ ಹೋದ್ವು. ಒಗ್ಗಟ್ಟಂತೂ ಇದೆ."

ಕಾರಣವನ್ನೂ ಅವಳೇ ಹೇಳಿದಳು. ಯಂತ್ರದ ಹೊಟ್ಟೆಯೊಳಗೆ ಕೂತು ಎಲ್ಲ ಭಾಗಗಳಿಂದ ಕೆಲಸ ತೆಗೆಸುವ ತಂತ್ರಾಂಶಕ್ಕೆ ಕರ್ನಲ್ ಎನ್ನುತ್ತಾರೆ. ಪ್ಯಾಡಿನ ಮೇಲೆ ಬೆರಳು ಎಲ್ಲಿದೆ ಎಂದು ಅದಕ್ಕೆ ತಿಳಿಸುವ ತುಣುಕು ಡ್ರೈವರ್. ಈ ಮಾದರಿಯ ಪ್ಯಾಡು ತನ್ನ ಅಗಲವನ್ನು ಇರುವುದಕ್ಕಿಂತ ಹೆಚ್ಚಾಗಿ ಹೇಳಿಕೊಳ್ಳುತ್ತದೆ. ಡ್ರೈವರ್ ಅದನ್ನು ನಂಬಿ, ಇಲ್ಲದ ಅಂಚಿನಲ್ಲಿ ಇಲ್ಲದ ಬೆರಳೊಂದನ್ನು ಕಲ್ಪಿಸಿಕೊಂಡು, ಯಾರೂ ಮುಟ್ಟದಿದ್ದಾಗ ಆ ಬೆರಳಿನ ಮಾತು ಕೇಳುತ್ತದೆ.

"ಸರಿ, ಈ ಕರ್ನಲ್ ಮಾಡಿದ ಕಂಪನಿಗೆ ಫೋನ್ ಹಚ್ಚು. ನಾನು ಮಾತಾಡ್ತೀನಿ."

"ಕಂಪನಿ ಇಲ್ಲ ಮಾವ. ಇದು ಮುಕ್ತ ತಂತ್ರಾಂಶ. ಯಾರು ಬೇಕಾದ್ರೂ ನೋಡಬಹುದು, ತಿದ್ದಬಹುದು. ಪ್ಯಾಡಿನ ಭಾಗಕ್ಕೆ ಒಬ್ಬರು ಉಸ್ತುವಾರಿ ಇದ್ದಾರೆ, ಯಾವುದೋ ದೇಶದಲ್ಲಿ. ನಾವು ತಿದ್ದಿ ಕಳಿಸಿದ್ದನ್ನ ಅವರು ಒಪ್ಪಿದ್ರೆ ಎಲ್ಲರ ಯಂತ್ರಕ್ಕೂ ಹೋಗುತ್ತೆ. ಇಲಾಖೆಯವರು ಅಲ್ಲಿಂದ ಬಂದಿದ್ದನ್ನ ಬಿಟ್ಟು ಬೇರೆ ಏನನ್ನೂ ಹಾಕಿಸಿಕೊಳ್ಳಲ್ಲ ಅಂತ ಕರಾರಲ್ಲೇ ಇದೆ."

"ಅವರಿಗೆ ಎಷ್ಟು ಕೊಡಬೇಕು?"

"ಅವರು ದುಡ್ಡು ತೊಗೊಳ್ಳಲ್ಲ."

ಯಜಮಾನರು ಹತ್ತಿರದ ಸ್ಟೂಲಿನ ಮೇಲೆ ಕೂತರು. "ದುಡ್ಡು ತೊಗೊಳ್ಳದವನ ಹತ್ರ ಚೌಕಾಸಿ ಮಾಡೋದಾದ್ರೂ ಹ್ಯಾಗಮ್ಮ?"

"ನಾನು ಮಾಡ್ತೀನಿ. ಒಂದು ಸಾಲಿನ ಕೆಲಸ. ಆದ್ರೆ ಈ ಕರಾರು ಕೈಗೂಡಿದ್ರೆ ಅಂಗಡೀಲಿ ನನಗೆ ಅರ್ಧ ಪಾಲು."

"ನೋಡೋಣ," ಎಂದರು ಯಜಮಾನರು. ಕೆಟ್ಟ ಮಾಲು ವಾಪಸು ತಂದ ಗಿರಾಕಿಗಳಿಗೆಲ್ಲ ಆ ಮಾತಿನ ಅರ್ಥ ಚೆನ್ನಾಗಿ ಗೊತ್ತಿತ್ತು. ಸೊಸೆಗೂ ಗೊತ್ತಿತ್ತು.

ಕರ್ನಲ್ಲಿನೊಳಗೆ ಸುಳ್ಳು ಹೇಳುವ ಯಂತ್ರಗಳದೇ ಒಂದು ಪಟ್ಟಿ ಇದೆ. ಇಂಥ ಮಾದರಿ ತನ್ನ ಅಗಲದ ಬಗ್ಗೆ ಹೇಳುವುದನ್ನು ನಂಬಬೇಡ, ಇಂಥದ್ದು ಬ್ಯಾಟರಿಯ ಬಗ್ಗೆ ಹೇಳುವುದನ್ನು ನಂಬಬೇಡ, ಹೀಗೆ ಉದ್ದಕ್ಕೂ. ಸೊಸೆ ಮಾಡಬೇಕಾಗಿದ್ದದ್ದು ಆ ಪಟ್ಟಿಗೆ ಒಂದು ಹೆಸರು ಸೇರಿಸುವುದು. ಯಜಮಾನರು ಪಟ್ಟಿಯನ್ನು ಪರದೆಯ ಮೇಲೆ ನೋಡಿ, "ಸಾಲ ತೊಗೊಂಡು ಹೋಗೋರದ್ದೂ ಹೀಗೊಂದು ಇದ್ದಿದ್ರೆ ನಾನು ಎಲ್ಲಿರ್ತಿದ್ದೆ!" ಎಂದು ನಿಟ್ಟುಸಿರು ಬಿಟ್ಟರು.

ತಿದ್ದುಪಡಿ ಹೋಯಿತು. ಉಸ್ತುವಾರಿಯಿಂದ ಉತ್ತರ ಬಂತು. ಸೊಸೆ ಓದಿ ಹೇಳಿದಳು: "ತಿದ್ದುಪಡಿ ಸರಿಯಾಗಿದೆ, ಆದ್ದರಿಂದ ತಿರಸ್ಕರಿಸಲಾಗಿದೆ ಅಂತಾರೆ. ನಾನು ಸಾಲಿನ ಶುರೂಲಿ ಬಿಟ್ಟ ಖಾಲಿ ಜಾಗ ತಪ್ಪು ಜಾತಿಯ ಖಾಲಿ ಜಾಗವಂತೆ."

"ಖಾಲೀಲೂ ಜಾತಿ ಇದೆಯಾ?"

"ಎರಡಿದೆ. ಟ್ಯಾಬ್ ಒತ್ತಿ ಬಿಟ್ಟಿದ್ದು ಒಂದು, ಸ್ಪೇಸ್ ಒತ್ತಿ ಬಿಟ್ಟಿದ್ದು ಇನ್ನೊಂದು. ನೋಡೋಕೆ ಒಂದೇ ಥರ ಇರುತ್ತೆ."

ಯಜಮಾನರಿಗೆ ಉಸ್ತುವಾರಿಯ ಮೇಲೆ ಮೊದಲ ಸಲ ಗೌರವ ಮೂಡಿತು. ದುಡ್ಡು ಮುಟ್ಟದೆ ಇಷ್ಟು ಸತಾಯಿಸಬಲ್ಲವರನ್ನು ಅವರು ತಮ್ಮ ಜೀವಮಾನದಲ್ಲಿ ಕಂಡಿರಲಿಲ್ಲ.

ಸೊಸೆ ಖಾಲಿ ಜಾಗ ಬದಲಿಸಿದಳು. ಆಗ ವಿವರಣೆಯ ಸಾಲು ಉದ್ದವಾಯಿತೆಂದು ಬಂತು. ಗಿಡ್ಡ ಮಾಡಿದಳು. ಕಾರಣ ಸಾಲದೆಂದು ಬಂತು. ಕಾರಣ ಬರೆದಳು. ಪರೀಕ್ಷಿಸಿದವರು ಯಾರೆಂದು ಬಂತು. ಗಂಡನನ್ನು ಕರೆದು ಪ್ಯಾಡಿನಿಂದ ಕೈ ತೆಗೆಸಿ, ಪರೀಕ್ಷಿಸಿದವರೆಂದು ಅವನ ಹೆಸರು ಹಾಕಿದಳು. ಮದುವೆಯಾದ ಮೇಲೆ ಅವನ ಹೆಸರು ಒಂದು ಕೆಲಸಕ್ಕೆ ಬಂದದ್ದು ಅದೇ ಮೊದಲು ಎಂದೂ ಸೇರಿಸಿದಳು, ಕಾಗದದಲ್ಲಲ್ಲ, ಬಾಯಲ್ಲಿ.

ಈ ನಡುವೆ ಯಂತ್ರಗಳನ್ನು ಇಲಾಖೆಗೆ ತಲುಪಿಸುವ ದಿನ ಬಂದೇಬಿಟ್ಟಿತು. ತಿದ್ದುಪಡಿ ಇನ್ನೂ ಬಂದಿರಲಿಲ್ಲ. ಯಜಮಾನರು ನಾನೂರನ್ನೂ ಪರೀಕ್ಷಾರ್ಥವಾಗಿ ಇಳಿಸಿ, ಯಾರೂ ಕೈ ತೆಗೆಯದಿರಲಿ ಎಂದು ಹಾರೈಸಿ ಮನೆಗೆ ಬಂದರು.

ಪರವಾನಗಿ ಇಲಾಖೆಯಲ್ಲಿ ಕೈ ತೆಗೆಯದೆ ಇರುವವರು ಯಾರೂ ಇರಲಿಲ್ಲ. ಗುಮಾಸ್ತರು ಬೆಳಗ್ಗೆ ಬಂದು ಯಂತ್ರ ಹಚ್ಚಿ ಅರ್ಜಿಯೊಂದನ್ನು ಪರದೆಗೆ ತಂದುಕೊಂಡು ಚಹಕ್ಕೆ ಹೋಗುವುದು ವಾಡಿಕೆ. ಇಲಾಖೆಯ ಪರದೆಯಲ್ಲಿ ಎಡಕ್ಕೆ 'ತಿರಸ್ಕರಿಸಿ' ಎಂಬ ಗುಂಡಿ. ಕೆಳಗಿನ ಬಲಮೂಲೆಯಲ್ಲಿ 'ಅನುಮೋದಿಸಿ'. ಅನುಮೋದನೆಯಾದೊಡನೆ ಮುಂದಿನ ಅರ್ಜಿ ತಾನೇ ಬಂದು ನಿಲ್ಲುತ್ತಿತ್ತು, ಬಾಣ ಮತ್ತೆ ಒತ್ತಿಕೊಳ್ಳುತ್ತಿತ್ತು. ಗುಮಾಸ್ತರು ಚಹ ಮುಗಿಸಿ ಬರುವಷ್ಟರಲ್ಲಿ ತಲೆಮಾರಿನಿಂದ ಬಾಕಿಯಿದ್ದ ಅರ್ಜಿಗಳು ಒಂದೊಂದು ಮೇಜಿನಲ್ಲೂ ಖಾಲಿಯಾಗತೊಡಗಿದವು.

ಒಬ್ಬರು ಬೇಕರಿಗೆ ಅರ್ಜಿ ಹಾಕಿದ್ದರು. ಪಕ್ಕದ ಮನೆಯವರು ಆ ಬೇಕರಿಯನ್ನು ಮುಚ್ಚಿಸಬೇಕೆಂದು ಹಾಕಿದ್ದರು. ಎರಡೂ ಮಂಜೂರಾದವು. ಬೇಕರಿಯವರು ಬೆಳಗ್ಗೆ ಕಾನೂನುಬದ್ಧವಾಗಿ ತೆರೆದು ಸಂಜೆ ಕಾನೂನುಬದ್ಧವಾಗಿ ಮುಚ್ಚಿದರು. ಅದು ಬೇಕರಿಗಳ ಮಾಮೂಲಿ ವೇಳೆಯೇ ಆಗಿದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಇಲಾಖೆಯ ಉಪನಿರ್ದೇಶಕರು ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿದರು. ಅನುಮೋದನೆ ಆಗುತ್ತಿದೆ, ಆದರೆ ಯಾರೂ ಮಾಡುತ್ತಿಲ್ಲ. ಅವರ ಸೇವಾವಧಿಯಲ್ಲಿ ಇಂಥ ಆದರ್ಶ ಸ್ಥಿತಿ ಹಿಂದೆಂದೂ ಒದಗಿರಲಿಲ್ಲ. ಅಂದೇ ಸುತ್ತೋಲೆ ಹೊರಟಿತು:

"ಅರ್ಜಿಗಳ ವಿಲೇವಾರಿಯ ಸಮಯದಲ್ಲಿ ಹಾಜರಿರುವವರೆಲ್ಲರೂ ತಮ್ಮ ಎರಡೂ ಕೈಗಳನ್ನು ಮೇಜಿನ ಕೆಳಗೆ ಇರಿಸಿಕೊಳ್ಳತಕ್ಕದ್ದು. ಕೈ ತಗುಲಿಸಿ ಬಾಣದ ಕರ್ತವ್ಯಕ್ಕೆ ಅಡ್ಡಿಪಡಿಸಿದವರ ಮೇಲೆ ಕ್ರಮ ಜರುಗಿಸಲಾಗುವುದು. ಬಾಣದ ನಿರ್ಧಾರಗಳಿಗೆ ಯಾವ ಅಧಿಕಾರಿಯೂ ಹೊಣೆಯಲ್ಲ. ಬಾಣವು ಇಲಾಖೆಯ ನೌಕರನಲ್ಲದ ಕಾರಣ ಅದೂ ಹೊಣೆಯಲ್ಲ."

ಹೆಡ್ ಗುಮಾಸ್ತರಿಗೆ ಮೊದಲು ಹೊಟ್ಟೆಪಾಡಿನ ಚಿಂತೆಯಾಯಿತು. ಆದರೆ ಅವರು ಅನುಭವಸ್ಥರು. ಅಂಗಡಿಗೆ ಬಂದು ಯಜಮಾನರ ಕೈ ಕುಲುಕಿದರು.

"ಯಜಮಾನ್ರೇ, ದೇವರಂಥಾ ಮಾಲು ಕೊಟ್ಟಿದ್ದೀರಿ. ಮೊದಲು ಅರ್ಜಿಗೆ ಕೈ ಹಾಕೋಕೆ ತೊಗೋತಿದ್ದೆ. ಈಗ ಕೈ ತೆಗೆಯೋಕೆ ತೊಗೋತೀನಿ. ದರ ಅದೇ, ಶ್ರಮ ಕಮ್ಮಿ."

"ಹಾಗಾದ್ರೆ ಸ್ವೀಕೃತಿ ಪತ್ರ?"

"ಇನ್ನೇನು, ಸಮಿತಿ ಕೂತ್ರೆ ಆಯ್ತು."

ಯಜಮಾನರು ನೆಮ್ಮದಿಯಿಂದ ರಿಪೇರಿ ಕೋಣೆಗೆ ಹೋದರು. ಸೊಸೆ ನಗುನಗುತ್ತ ಎದ್ದು ನಿಂತಳು. "ಮಾವ, ಉಸ್ತುವಾರಿ ಒಪ್ಪಿದ್ರು! ತಿದ್ದುಪಡಿ ಕರ್ನಲ್ಲಿಗೆ ಸೇರಿತು. ಇಲಾಖೆಯ ಯಂತ್ರಗಳಿಗೆಲ್ಲ ಈಗಷ್ಟೇ ತಾನಾಗಿ ಹೋಯ್ತು."

ಯಜಮಾನರ ನೆಮ್ಮದಿ ಬಾಗಿಲಲ್ಲೇ ನಿಂತಿತು.

ಮರುದಿನ ಹೆಡ್ ಗುಮಾಸ್ತರು ಕೈ ಕುಲುಕಲಿಲ್ಲ. "ಯಜಮಾನ್ರೇ, ಬಾಣ ಸತ್ತುಹೋಗಿದೆ! ಇಟ್ಟಲ್ಲೇ ಇರುತ್ತೆ. ಪ್ರತಿ ಅರ್ಜಿಗೂ ನಾವೇ ಏನಾದ್ರೂ ಮಾಡಬೇಕಂತೆ. ನಿನ್ನೆ ಒಬ್ಬ ಗುಮಾಸ್ತ ಅರ್ಜಿ ಓದಿಬಿಟ್ಟ. ಪಾಪ, ರಜೆ ಕೊಟ್ಟು ಮನೆಗೆ ಕಳಿಸಿದ್ದೀವಿ."

ಉಪನಿರ್ದೇಶಕರು ಇನ್ನೂ ಖಡಾಖಂಡಿತವಾಗಿದ್ದರು. "ನಾವು ಪರೀಕ್ಷೆಗೆ ತೊಗೊಂಡ ಮಾಲು ಇದಲ್ಲ. ಸಮಿತಿ ಕೂರೋ ದಿನದೊಳಗೆ ಯಂತ್ರಗಳು ಮೊದಲಿನ ಹಾಗೆ ಕೆಲಸ ಮಾಡದಿದ್ರೆ ನಾನೂರನ್ನೂ ಹೊತ್ತುಕೊಂಡು ಹೋಗಿ."

ಯಜಮಾನರು ಸೊಸೆಯ ಮುಂದೆ ನಿಂತರು. "ನೋಡಮ್ಮ, ನೀನು ಸರಿ ಮಾಡಿದ್ದನ್ನ ಸರಿ ಮಾಡಬೇಕಲ್ಲ."

"ಅಂದ್ರೆ ಕೆಡಿಸಬೇಕು."

"ವ್ಯಾಪಾರದಲ್ಲಿ ಆ ಮಾತು ಬಳಸಲ್ಲ."

ಸೊಸೆ ಉಸ್ತುವಾರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದಳು: ನಮ್ಮಲ್ಲಿ ಒಂದು ಇಡೀ ಕಚೇರಿ ಆ ದೋಷವನ್ನು ನೆಚ್ಚಿಕೊಂಡು ಬದುಕುತ್ತಿತ್ತು, ನನ್ನ ತಿದ್ದುಪಡಿಯಿಂದ ಅವರ ಕೆಲಸ ನಿಂತಿದೆ, ಜೊತೆಗಿರುವ ತಿದ್ದುಪಡಿ ಒಪ್ಪಿ ದಯವಿಟ್ಟು ದೋಷವನ್ನು ಮರಳಿ ಕೊಡಬೇಕು.

ಯಜಮಾನರು ಬೈಗುಳ ಬರುತ್ತದೆಂದುಕೊಂಡಿದ್ದರು. ಬಂದದ್ದು ಕ್ಷಮಾಪಣೆ. ನಿನ್ನೆಯವರೆಗೆ ನಡೆಯುತ್ತಿದ್ದ ಬಳಕೆದಾರರ ಕೆಲಸ ಇಂದು ನಿಲ್ಲಬಾರದು ಎನ್ನುವುದೇ ಕರ್ನಲ್ಲಿನ ಎಲ್ಲಕ್ಕಿಂತ ದೊಡ್ಡ ನಿಯಮವಂತೆ. ನಿಂತರೆ ತಪ್ಪು ಕರ್ನಲ್ಲಿನವರದೇ ಹೊರತು ಬಳಕೆದಾರರದ್ದಲ್ಲವಂತೆ. ಇಂಥ ಬಳಕೆಯನ್ನು ತಾನು ಎಲ್ಲೂ ಕಂಡಿಲ್ಲ, ಆದರೆ ಬಳಕೆ ಬಳಕೆಯೇ, ಎಂದು ಉಸ್ತುವಾರಿ ಬರೆದಿದ್ದರು. ಆ ಮಾದರಿಯನ್ನು ಸುಳ್ಳು ಹೇಳುವ ಯಂತ್ರಗಳ ಪಟ್ಟಿಯಿಂದ ತೆಗೆದು, 'ಸುಳ್ಳೆಂದು ಗೊತ್ತಿದ್ದೂ ನಂಬತಕ್ಕ ಯಂತ್ರಗಳು' ಎಂಬ ಹೊಸ ಪಟ್ಟಿಗೆ ಹಾಕಲಾಯಿತು. ಕಾಗದದ ಕೊನೆಯಲ್ಲಿ, ಈ ಸಲವೂ ಖಾಲಿ ಜಾಗ ತಪ್ಪು ಜಾತಿಯದೆಂದು ತಿಳಿಸಿದ್ದರು.

ಸಮಿತಿ ಕೂರುವ ಮಧ್ಯಾಹ್ನ ದೋಷ ಯಂತ್ರಗಳಿಗೆ ಮರಳಿತು.

ಸಭೆಯ ಕೋಣೆಯಲ್ಲಿ ಉಪನಿರ್ದೇಶಕರು, ಹೆಡ್ ಗುಮಾಸ್ತರು ಮತ್ತು ಏನನ್ನೂ ಹೇಳದಿರಲು ನೇಮಕಗೊಂಡ ತಜ್ಞರೊಬ್ಬರು. ಅವರೆದುರಿಗೆ ಯಜಮಾನರು ಮತ್ತು ಸೊಸೆ. ಮೇಜಿನ ಮೇಲೆ ನಾನೂರರಲ್ಲಿ ಒಂದು ಲ್ಯಾಪ್‌ಟಾಪ್. ಪರದೆಯ ಮೇಲೆ ಅದರದೇ ಸ್ವೀಕೃತಿಯ ಕಡತ. ಕಚೇರಿ ಮುಚ್ಚುವ ಗಂಟೆ ಬಾರಿಸುವುದರೊಳಗೆ ತೀರ್ಮಾನವಾಗದ ಸ್ವೀಕೃತಿ ತಾನಾಗಿಯೇ ತಿರಸ್ಕೃತವೆಂದು ನಿಯಮವಿತ್ತು. ಗಂಟೆಗೆ ಸ್ವಲ್ಪವೇ ಹೊತ್ತಿತ್ತು.

"ಎಲ್ಲರೂ ಕೈ ಕೆಳಗೆ," ಎಂದರು ಉಪನಿರ್ದೇಶಕರು.

ಎಲ್ಲರ ಕೈಗಳೂ ಮೇಜಿನಡಿಗೆ ಹೋದವು. ಬಾಣ ಯೋಚಿಸಿತು. ಹೊರಟಿತು. ಯಜಮಾನರು ಉಸಿರು ಬಿಗಿಹಿಡಿದು ಮುಂದಕ್ಕೆ ಬಗ್ಗಿದರು. ಬಾಣ ಅರ್ಧ ದಾರಿ ಸವೆಸಿರುವಾಗ ಅವರ ಮೂಗಿನ ತುದಿಯಿಂದ ಒಂದು ಹನಿ ಬೆವರು ಟಪ್ಪನೆ ಪ್ಯಾಡಿನ ಮೇಲೆ ಬಿತ್ತು.

ಬಾಣ ನಿಂತುಬಿಟ್ಟಿತು.

"ಯಾರೋ ಮುಟ್ಟಿದ್ದಾರೆ ಅಂದುಕೊಂಡಿದೆ," ಎಂದಳು ಸೊಸೆ.

"ಒರೆಸ್ಲಾ?" ಯಜಮಾನರು ಕರವಸ್ತ್ರ ತೆಗೆದರು.

"ಕೈ!" ಎಂದು ಉಪನಿರ್ದೇಶಕರು ಗದರಿದರು. "ಕೈ ತಗುಲಿಸಿದ್ರೆ ಕ್ರಮ ಜರುಗಿಸಬೇಕಾಗುತ್ತೆ."

"ಊದಬಹುದಾ ಸಾರ್?" ಎಂದು ಸೊಸೆ ಕೇಳಿದಳು.

ಸುತ್ತೋಲೆ ತರಿಸಲಾಯಿತು. ಉಪನಿರ್ದೇಶಕರು ಎರಡು ಸಲ ಓದಿದರು. "ಊದುವ ಬಗ್ಗೆ ಏನೂ ಹೇಳಿಲ್ಲ. ಊದಬಹುದು."

ಯಜಮಾನರು ಬಾಯಿ ತೆರೆದರು. ಹಣೆಯಿಂದ ಇನ್ನೊಂದು ಹನಿ ಮೂಗಿನತ್ತ ಇಳಿಯುತ್ತಿತ್ತು. "ನೀವು ಬೇಡ, ಹಿಂದೆ ಸರೀರಿ!" ಎಂದು ಉಪನಿರ್ದೇಶಕರೂ ಹೆಡ್ ಗುಮಾಸ್ತರೂ ಒಕ್ಕೊರಲಿನಿಂದ ಕೂಗಿದರು. ಎಲ್ಲರೂ ಸೊಸೆಯತ್ತ ತಿರುಗಿದರು. ಸೊಸೆ ಊದಲಿಲ್ಲ.

"ಮಾವ, ಅರ್ಧ ಪಾಲು?"

"ನೋಡೋಣಮ್ಮ, ಮೊದಲು ಊದು."

"ಹಾಗಾದ್ರೆ ತಾನಾಗೇ ಒಣಗುತ್ತಾ ನೋಡೋಣ."

ಎಲ್ಲರೂ ಹನಿಯನ್ನು ನೋಡಿದರು. ಹನಿಗೆ ಒಣಗುವ ಅವಸರವಿರಲಿಲ್ಲ. ಹೊರಗೆ ಜವಾನ ಗಂಟೆಯ ಸುತ್ತಿಗೆ ಎತ್ತಿಕೊಂಡ ಸದ್ದು ಕೇಳಿಸಿತು.

"ಕಾಲು ಪಾಲು," ಎಂದರು ಯಜಮಾನರು.

ಸೊಸೆ ಗೋಡೆಯ ಗಡಿಯಾರವನ್ನು ಮೆಚ್ಚಿಕೊಳ್ಳತೊಡಗಿದಳು.

"ಅಯ್ಯೋ ಅರ್ಧ ಕಣಮ್ಮ, ಅರ್ಧ! ಇವರೆಲ್ಲ ಸಾಕ್ಷಿ!"

ಸೊಸೆ ಬಗ್ಗಿ ಮೆಲ್ಲಗೆ ಊದಿದಳು. ಹನಿ ಜಾರಿ ಪ್ಯಾಡಿನಿಂದಾಚೆ ಹೋಯಿತು. ಬಾಣ ಮತ್ತೆ ಯೋಚಿಸಿ, ನಡೆದು, ಮೂಲೆ ಸೇರಿ ಒತ್ತಿಕೊಂಡಿತು. ಅದರ ಬೆನ್ನಿಗೇ ಗಂಟೆ ಹೊಡೆಯಿತು. 'ದೋಷ' ಎಂಬ ಕಲಮಿನಲ್ಲಿ ತಜ್ಞರು 'ಯಥಾಪ್ರಕಾರ ಕಾರ್ಯನಿರ್ವಹಿಸುತ್ತಿದೆ' ಎಂದು ಬರೆಸಿದರು. ಅವರು ಏನಾದರೂ ಹೇಳಿದ್ದು ಅದೊಂದೇ.

ಮರುದಿನ ಯಜಮಾನರು ಪಾಲುದಾರಿಕೆಯ ಪತ್ರವನ್ನು ಐಬಿನ ಲ್ಯಾಪ್‌ಟಾಪಿನಲ್ಲಿ ತೆರೆದಿಟ್ಟು, ಕೈ ಕಟ್ಟಿಕೊಂಡು ಕೂತರು. ಒಪ್ಪಿದ್ದು ಬಾಣ, ನಾನಲ್ಲ ಎಂದು ನಾಳೆ ಹೇಳಲು ಅನುಕೂಲವಾಗಲಿ ಎಂದು. ಸೊಸೆ ಅದನ್ನು ಮುಚ್ಚಿ ಕಾಗದ, ಪೆನ್ನು ಮುಂದಿಟ್ಟಳು. "ಇದಕ್ಕೆ ಕೈ ಬೇಕು ಮಾವ."

ಇತರ ಇಲಾಖೆಗಳಿಗೂ ಸುದ್ದಿ ಹಬ್ಬಿತು. ಯಜಮಾನರು ಸಗಟು ವ್ಯಾಪಾರಿಗೆ ಫೋನ್ ಮಾಡಿ ಎಲ್ಲಕ್ಕಿಂತ ಮೊದಲು, "ಐಬು ಗ್ಯಾರಂಟಿ ತಾನೇ?" ಎಂದು ಕೇಳಿದರು. ಆತ ಐಬಿಗೆ ಪ್ರತ್ಯೇಕ ದರ ಹೇಳಿದ. ಇವರು ಚೌಕಾಸಿ ಮಾಡಿ ಕೊಟ್ಟರು.

ವರ್ಷದ ಕೊನೆಗೆ ಮಾವ ಸೊಸೆ ಎದುರುಬದುರು ಕೂತು ಮಾಡಿದ ಲೆಕ್ಕ ಹೀಗಿತ್ತು: ಹಣ ಪೂರ್ತಿ ಸಂದಾಯವಾದ ಯಂತ್ರಗಳು ನಾನೂರು. ಹೊಸದಾಗಿ ಬೇಡಿಕೆ ಬಂದವು ಎರಡು ಸಾವಿರ. ಲಾಭ ಆಕೆಗೆ ಅರ್ಧ, ಅವರಿಗೆ ಅರ್ಧ. ಯಾವ ಐಬೂ ಇಲ್ಲದೆ, ಯಾರೂ ಕೊಳ್ಳದೆ ಗೋದಾಮಿನಲ್ಲಿ ಉಳಿದವು ಹನ್ನೆರಡು. ಅವನ್ನು ಅರ್ಧ ಬೆಲೆಗೆ ಬಿಡುವುದೆಂದು ಇಬ್ಬರೂ ಒಪ್ಪಿದರು.