ಇಪ್ಪತ್ತೈದನೇ ಸಹಿ

ಇಳಕಲ್ಲಿನ ನಮ್ಮ ಅಮೀನಪ್ಪನಿಗೆ ಸಿಟ್ಟು ಬಂದರೆ ಮಗ್ಗ ನಿಲ್ಲುತ್ತಿತ್ತು. ಎಂಬತ್ತೊಂದರ ಬೇಸಿಗೆಯಲ್ಲಿ ಅದು ಮೂರು ದಿನ ನಿಂತಿತು.

ಹೆಂಡತಿ ಚಂದ್ರವ್ವ ಬಾಗಲಕೋಟೆಯ ಒಂದು ನರ್ಸಿಂಗ್ ಶಾಲೆಯಲ್ಲಿ ಮೂರನೇ ವರ್ಷದಲ್ಲಿದ್ದಳು. ಓದುವ ರಜೆಗೆಂದು ಮನೆಗೆ ಬಂದವಳು ಸುದ್ದಿ ತಂದಳು. ವಾರ್ಡಿನ ಪುಸ್ತಕದಲ್ಲಿ ತಾವು ಆರೈಕೆ ಮಾಡಿದ ಇಪ್ಪತ್ತೈದು ಗಂಡಸು ರೋಗಿಗಳ ಸಹಿ ಇಲ್ಲದವರು ಕೊನೆಯ ಪರೀಕ್ಷೆಗೆ ಕೂರುವಂತಿಲ್ಲ. (ಹೊಸದಾಗಿ ಸೇರುವವರಿಗಷ್ಟೇ ಅಲ್ಲ, ಇನ್ನು ಹದಿನೈದು ದಿನಕ್ಕೆ ಮುಗಿಸಿ ಹೊರಬೀಳುವವರಿಗೂ ಇದೇ ನಿಯಮ.) ಅವಳ ಪುಸ್ತಕದಲ್ಲಿ ಅಂಥ ಸಹಿ ಒಂದೂ ಇರಲಿಲ್ಲ.

"ಮೊದಲ ಇದ್ದಿದ್ದಿಲ್ಲ, ನಡುವ ಎಲ್ಲಿಂದ ಬಂತು ಇದು?"

"ನನ್ನ ಯಾಕ ಕೇಳ್ತೀರಿ? ಗ್ವಾಡಿಗೆ ಅಂಟಿಸ್ಯಾರ. ಗ್ವಾಡೀನ ಕೇಳ್ರಿ."

"ಚಿಂತಿ ಬಿಡು. ನಾ ಗಂಡಸು ಹೌದಲ್ಲ?"

ಚಂದ್ರವ್ವ ತುಸು ಯೋಚಿಸಿದಳು. "ಹೌದ್ರಿ. ಒಬ್ಬರು."

"ಇಪ್ಪತ್ತೈದೂ ನಾನ ಆಗ್ತೇನಿ!"

ಮಹಾತ್ಯಾಗ ಶುರುವಾಯಿತು. ಮೊದಲ ದಿನ ಅವನಿಗೆ ಜ್ವರ. ಎರಡನೇ ದಿನ ಕಾಲು ಮುರಿಯಿತು; ಪರೀಕ್ಷೆಗೆ ರೂಢಿಯಾಗಲೆಂದು ಚಂದ್ರವ್ವ ಮಗ್ಗದ ಪಟ್ಟಿಯನ್ನೇ ಆನಿಸಿ ಕಟ್ಟಿದಳು. ಮೂರನೇ ದಿನ ತಲೆಗೂ ಪೆಟ್ಟು. ನೂಲು ಕೊಡಲು ಬಂದ ಇಮಾಮಹುಸೇನ ಬಾಗಿಲಲ್ಲೇ ನಿಂತ.

"ಯಾ ಅಲ್ಲಾ! ಯಾವ ಲಾರಿ ಬಡೀತಲೇ, ಅಮೀನಪ್ಪ?"

ಬಾಯಲ್ಲಿ ಥರ್ಮಾಮೀಟರ್ ಇದ್ದುದರಿಂದ ಅಮೀನಪ್ಪ ಉತ್ತರಿಸಲಿಲ್ಲ. ಸಂಜೆಯೊಳಗೆ ಅರ್ಧ ಓಣಿ ಬಾಳೆಹಣ್ಣು ಹಿಡಿದು ಬಂತು. ಮುದುಕಿ ಸಿದ್ದಲಿಂಗವ್ವ ಅಳು ಆರಂಭಿಸಿಯೂಬಿಟ್ಟಳು.

ಎಲ್ಲರೂ ಹೋದ ಮೇಲೆ ಅಮೀನಪ್ಪ ಪುಸ್ತಕದಲ್ಲಿ ರಾಚಪ್ಪನಾದ, ಸಂಗಯ್ಯನಾದ, ಹುಚ್ಚೇಶನಾದ. ಒಂಬತ್ತನೆಯವನಾಗುವಷ್ಟರಲ್ಲಿ ಚಂದ್ರವ್ವ ಬಂದು ಹಾಳೆಯನ್ನೇ ಹರಿದಳು.

"ಸುಳ್ಳು ಸಹಿ ಮ್ಯಾಲೆ ನರ್ಸ ಆಗೂದು ಬ್ಯಾಡ ನನಗ."

ಮರುದಿನ ಅಮೀನಪ್ಪ ಬಾಗಲಕೋಟೆಗೆ ಹೋಗಿ ಪ್ರಿನ್ಸಿಪಾಲ್ ಮೇಡಂ ಎದುರು ನಿಂತ. ಬಸ್ಸಿನುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಅದು:

"ಬಾಯಾರ, ಮಗ್ಗಕ್ಕ ಹಾಸು ನೂಲು ಏರಿಸಿದ ಮ್ಯಾಲೆ ಯಾರರ ಸೀರಿ ಅಳತಿ ಬದಲ ಮಾಡ್ತಾರೇನ್ರಿ? ಅರ್ಧ ನೇಯ್ದದ್ದನ್ನ ಹರದು ಒಗೀಬೇಕೇನ್ರಿ?"

"ಖರೆ ಐತ್ರಿ. ಈ ನಿಯಮ ತಪ್ಪು. ನಾನೂ ಮ್ಯಾಲಿನವರಿಗೆ ಬರದೇನಿ," ಎಂದರು ಪ್ರಿನ್ಸಿಪಾಲರು.

ಅಮೀನಪ್ಪನ ಎದೆ ಉಬ್ಬಿತು.

"ಆದ್ರ ಉಳಿದ ಹುಡುಗ್ಯಾರೆಲ್ಲಾ ಪರೀಕ್ಷಾಕ್ಕ ಕೂಡ್ತಾರ. ಗಂಡಸರ ವಾರ್ಡಿನ್ಯಾಗ ಡ್ಯೂಟಿ ಮಾಡಿ ಅವರ ಪುಸ್ತಕ ತುಂಬ್ಯಾವ. ಖಾಲಿ ಇರೂದು ನಿಮ್ಮ ಮನಿಯವರದೊಂದ."

ಅವರು ಫೈಲಿನಿಂದ ಒಂದು ಕಾಗದ ತೆಗೆದು ಓದಿದರು. ಎರಡನೇ ವರ್ಷದಲ್ಲಿ ಅಮೀನಪ್ಪನೇ ಬರೆದದ್ದು. 'ನನ್ನ ಧರ್ಮಪತ್ನಿಯನ್ನು ಯಾವ ಕಾರಣಕ್ಕೂ ಗಂಡಸರ ವಾರ್ಡಿಗೆ ಹಾಕಬಾರದು. ಹಾಕಿದಲ್ಲಿ ಶಾಲೆ ಬಿಡಿಸುತ್ತೇನೆ.'

"ಇದನ್ನ ಸೇರಸೂ ಮುಂದ ಹೇಳಿದ್ರೇನ್ರಿ, ಇಲ್ಲಾ ಹಾಸು ಏರಿಸಿದ ಮ್ಯಾಲೆ ಬರದ್ರೇನ್ರಿ?"

ಅಮೀನಪ್ಪ ಮನೆಗೆ ಬಂದು ಎಲ್ಲವನ್ನೂ ಒಪ್ಪಿಕೊಂಡ. ಚಂದ್ರವ್ವ ಬ್ಯಾಂಡೇಜು ಬಟ್ಟೆ ಸುತ್ತಿಡುತ್ತಲೇ ಇದ್ದಳು.

"ಆವತ್ತ ಆ ಪತ್ರ ನನಗೂ ತೋರಿಸಿದ್ರು."

"ಮತ್ತ ಒಂದ ಮಾತು ಅನಲಿಲ್ಲಲ್ಲ ನೀ?"

"ಶಾಲಿ ಬಿಡಸ್ತೇನಿ ಅಂತ ಬರದಿದ್ರಲ್ರಿ."

ಆ ವರ್ಷ ಅವಳು ಪರೀಕ್ಷೆಗೆ ಕೂರಲಿಲ್ಲ. ಮರುವರ್ಷ ಶಾಲೆ ಆ ನಿಯಮವನ್ನೇ ತೆಗೆದುಹಾಕಿತು. (ಗೋಡೆಗೆ ಅಂಟಿಸಿದರು.) ಅಷ್ಟರಲ್ಲಿ ಚಂದ್ರವ್ವ ಗಂಡಸರ ವಾರ್ಡಿನಲ್ಲಿ ಇಪ್ಪತ್ತನಾಲ್ಕು ಸಹಿ ಮುಗಿಸಿದ್ದಳು. ಇಪ್ಪತ್ತೈದನೆಯದರ ಜಾಗ ಖಾಲಿ ಬಿಟ್ಟೇ ಪರೀಕ್ಷೆ ಬರೆದು ನರ್ಸಾದಳು.

ಎಂಬತ್ತಾರರಲ್ಲಿ ಎದೆಯ ಬೇನೆಯಿಂದ ಅಮೀನಪ್ಪ ಬಾಗಲಕೋಟೆಯ ದವಾಖಾನೆ ಸೇರಿದ. ಅದೇ ಗಂಡಸರ ವಾರ್ಡು, ನರ್ಸು ಚಂದ್ರವ್ವ. ಅವಳು ಬಾಗಿಲ ಬಳಿಯ ಮಂಚದಿಂದ ಶುರುಮಾಡಿ, ಒಬ್ಬೊಬ್ಬರನ್ನೇ ನೋಡುತ್ತ ಕಡೆಗೆ ಅವನಲ್ಲಿಗೆ ಬರುತ್ತಿದ್ದಳು.

"ಮೊದಲ ನನ್ನ ಕಡೆ ಬರಬಾರದೇನ? ಕಟಗೊಂಡಾಂವ ನಾ."

"ಸಾಲು ಐತ್ರಿ. ನಡುವ ನಿಯಮ ಬದಲ ಮಾಡಬ್ಯಾಡ್ರಿ."

ನೋಡಲು ಹೋದವರಿಗೆಲ್ಲ ಅವನು ಇದನ್ನು ಹೇಳಿ ನಕ್ಕ. ನಕ್ಕರೆ ಕೆಮ್ಮು ಬರುತ್ತಿತ್ತು, ಆದರೂ ಹೇಳಿದ.

ಕೊನೆಯ ವಾರ ಒಂದು ಮುಂಜಾನೆ, "ಆ ಹಳೇ ಪುಸ್ತಕ ತಾ. ಉಳಿದ ಸಹಿ ನನ್ನ ಹೆಸರಿಲೇ ಹಾಕ್ತೇನಿ," ಎಂದ. ಚಂದ್ರವ್ವ ತಂದಳು. ಅಮೀನಪ್ಪ ಎಂದು ಅವನು ಬರೆಯಲು ಬಹಳ ಹೊತ್ತು ಹಿಡಿಯಿತು. ಅವಳು ನೋಡಿ, "ಖರೆ ಸಹಿ," ಎಂದಳು. ಅದರ ಪಕ್ಕದಲ್ಲಿ, ರೋಗಿ ಮನೆಗೆ ಹೋದ ತಾರೀಖು ಬರೆಯುವ ಕಡೆ, ಇವತ್ತಿಗೂ ಏನೂ ಬರೆದಿಲ್ಲ.