ಮೊದಲು ಪರದೆ, ಆಮೇಲೆ ನೀರು

ದಿನದಂತೆ ಅಂದೂ ಬೆಳಿಗ್ಗೆ ನಮ್ಮ ಓಣಿಯ ನಳ ಕೆಮ್ಮಿತು. ಕೊಡಗಳೆಲ್ಲ ಪಾಳಿ ಹಚ್ಚಿದವು. ನನ್ನ ಕೊಡ ಮಾತ್ರ ಹಿತ್ತಲಲ್ಲಿ ಬೋರಲಾಗಿ ಮಲಗಿತ್ತು. ಕಾರಣ, ನಾನು ಕಾನ್ವೆಂಟಿನಲ್ಲಿ ಓದಿದವಳು!

ನಾದಿನಿ ಸುವರ್ಣಾಳನ್ನು ನೋಡಲು ಖಾನಾಪುರದಿಂದ ಬರುವವರಿದ್ದರು. ಹುಡುಗ ಅಲ್ಲಿ ಇಂಗ್ಲಿಷ್ ಮಾಸ್ತರ. ಈಗಾಗಲೇ ಎರಡು ಸಂಬಂಧ ತಪ್ಪಿದ್ದವು. ಇದೂ ತಪ್ಪಿದರೆ ಅತ್ತೆಯವರು ಅನ್ನ ಬಿಡುವುದು ಖಚಿತ. ಆದ್ದರಿಂದ ಸುವರ್ಣಾಳಿಗೆ ಒಂದು ಭಾರಿ ಇಂಗ್ಲಿಷ್ ಕ್ರಿಯಾಪದ ಕಲಿಸುವ ಹೊಣೆಯನ್ನು ನಾನು ಹೊತ್ತಿದ್ದೆ: ಪ್ರಯಾರಿಟೈಸ್.

"ಹಂಗಂದ್ರ ಏನ್ರಿ ವೈನಿ?"

"ನಾಕು ಕೆಲಸಾ ಒಮ್ಮೆಲೇ ಮೈಮ್ಯಾಲ ಬಂದ್ರ, ಮುಖ್ಯ ಯಾವುದು ನೋಡಿ ಅದನ್ನ ಮೊದಲ ಹಿಡಿಯೂದು. ಪರೀಕ್ಷಾ ಬಂತು, ಸಿನಿಮಾ ಬಿಟ್ಟು ಓದಿದಿ. ಓದನ್ನ ಪ್ರಯಾರಿಟೈಸ್ ಮಾಡಿದಿ! ಈಗ ನಾ ಪರದಾ ಪ್ರಯಾರಿಟೈಸ್ ಮಾಡತೀನಿ."

"ಮತ್ತ ನೀರು?"

"ಅದೆಲ್ಲಿ ಹೋಗತೈತಿ!"

ಹೋಯಿತು. ಪರದೆಗಳಿಗೆ ಇಸ್ತ್ರಿಯಾಗಿ, ಟೀಪಾಯಿಯ ಕ್ರೋಶಾ ಹೊದಿಕೆಯ ಮೂಲೆ ನೆಟ್ಟಗಾಗುವಷ್ಟರಲ್ಲಿ ನಳ ಮೌನವ್ರತ ಹಿಡಿದಿತ್ತು. ಬಾಜೂಮನೆಯ ಗಂಗಕ್ಕ ತನ್ನ ಕೊಡಗಳನ್ನು ತುಂಬಿಟ್ಟು, ಬೀಗ ಜಡಿದು ವಡಗಾವಿಯ ತಂಗಿಯ ಮನೆಗೆ ಹೋಗಿದ್ದಳು. ಅಷ್ಟರಲ್ಲಿ ಖಾನಾಪುರದವರ ಟಾಂಗಾ ಬಾಗಿಲಿಗೆ ಬಂದು ನಿಂತಿತು!

ನಮ್ಮ ಕಡೆ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಮಾತು. ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿದ್ದೆ. ಒಳಗೆ ಗಾಳಿ!

ಹಿತ್ತಲಿನಿಂದ ಓಡಿದ ನನ್ನ ಯಜಮಾನರು ಮೂಲೆಯಂಗಡಿಯಿಂದ ಗೋಲಿ ಸೋಡಾ ತಂದರು. "ಇದ ಸಿಕ್ಕೈತಿ. ಏನರೆ ಮಾಡು!"

ಮಾಡಿದೆ. ತಂಬಿಗೆಗೆ ಸುರಿದೆ. ಹುಡುಗನ ಅಜ್ಜ ಕಾಲ ಮೇಲೆ ಹಾಕಿಕೊಂಡರು. ಬೆರಳ ಸಂದಿಯಲ್ಲಿ ನೊರೆ ಚುರುಗುಟ್ಟಿತು.

"ಅಯ್ ಶಿವನ! ಬೆಳಗಾವ್ಯಾಗ ಕಾಲಿಗೂ ಸೋಡಾ ಕುಡಸ್ತಾರೇನ್ರಿ?"

ಉಪ್ಪಿಟ್ಟೂ ಸೋಡಾದಲ್ಲೇ ಬೆಂದಿತು. ಯಾರೂ ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ. ಅತ್ತೆಯವರು ನನ್ನನ್ನು ನೋಡಿದ ಆ ಸುಡುನೋಟವಿದ್ದರೆ ಇಸ್ತ್ರಿಯೇ ಬೇಕಿರಲಿಲ್ಲ. ಪರದೆ ತಾನೇ ನೆಟ್ಟಗಾಗುತ್ತಿತ್ತು.

ಮಾಸ್ತರ ಗಂಟಲು ಸರಿಪಡಿಸಿಕೊಂಡು ಕೇಳಿದ, "ಇಂಗ್ಲಿಷ್ ಬರತೈತೇನ್ರಿ?"

"ಒಂದ ಶಬ್ದಾ ಬರತೈತ್ರಿ," ಎಂದಳು ಸುವರ್ಣಾ. "ಪ್ರಯಾರಿಟೈಸ್. ಮುಖ್ಯ ಇದ್ದದ್ದನ್ನ ಮೊದಲ ಹಿಡಿಯೂದು."

"ಉದಾಹರಣೆ?"

"ನಮ್ಮ ವೈನಿ ಮುಂಜಾನೆ ಪರದಾ ಹಿಡದ್ರು. ನಾ ಆಗಿದ್ರ ಕೊಡಾ ಹಿಡೀತಿದ್ದೆ."

ಮಾಸ್ತರ ನಕ್ಕ. ಅಜ್ಜ ಇನ್ನೂ ಅಂಟುತ್ತಿದ್ದ ಕಾಲು ಮಡಚಿಕೊಂಡು ಘೋಷಿಸಿದರು, "ಹುಡುಗಿ ಪಸಂದ ಐತಿ. ಲಗ್ನಕ್ಕ ನೀರು ಮಾತ್ರ ನಾವ ಖಾನಾಪುರದಿಂದ ತರತೀವಿ!"

ಸಂಜೆ ಗಂಗಕ್ಕ ಬೀಗ ತೆಗೆಯುತ್ತಿರುವಾಗಲೇ ಆಕೆಯನ್ನು ಹಿಡಿದು ನಿಲ್ಲಿಸಿ, ನನ್ನ ಕ್ರಿಯಾಪದದಿಂದಲೇ ಸಂಬಂಧ ಕೂಡಿತೆಂದು ಸವಿಸ್ತಾರವಾಗಿ ಹೇಳಿದೆ. ಆಕೆ ಎಲ್ಲ ಕೇಳಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ನಡೆಯುತ್ತ ಅಂದಳು,

"ಛಲೋ ಆತು ಬಿಡ್ರಿ ಬಾಯಾರ. ನಾಳೆ ಪಾಳ್ಯಾಗ ನಿಮ್ಮ ಜಾಗಾದಾಗ ನನ್ನ ಇನ್ನೊಂದು ಕೊಡಾ ಇಡತೀನಿ. ನಿಮಗೇನು, ಪರದಾ ಅದಾವಲ್ಲ!"